ಜೇಡ್ ಅಂಗಡಿಯಲ್ಲಿ ಮಾರಾಟವಾಗುವುದು ಏನು?

ಚೀನಾ ಪ್ರವಾಸ ಮುಗಿಸಿ ಬರುವ ನಮ್ಮವರ ಪೆಟ್ಟಿಗೆಯಲ್ಲಿ ರೇಷ್ಮೆಯ ಶಾಲು, ಚಹಾದ ಡಬ್ಬಿಗಳ ಜೊತೆಗೆ ಒಂದು ಹಸಿರು ಕಲ್ಲೂ ಇರುವುದು ವಾಡಿಕೆಯಾಗಿದೆ. ಬಳೆ, ಪದಕ, ನಗುವ ಬುದ್ಧ, ಒಂದರೊಳಗೊಂದು ಉರುಳುವ ಕೆತ್ತನೆಯ ಚೆಂಡು, ರೂಪ ಯಾವುದೇ ಇರಲಿ, ಅದು ಪಡಸಾಲೆಗೆ ಬಂದೊಡನೆ ನೆಂಟರು ಕೇಳುವ ಪ್ರಶ್ನೆ ಒಂದೇ: ಅಸಲಿಯೇ, ನಕಲಿಯೇ? ತಂದವರು ಕೊಟ್ಟ ಬೆಲೆಯನ್ನು ಅರ್ಧಕ್ಕಿಳಿಸಿ ಹೇಳುತ್ತಾರೆ. ಕೇಳಿದವರು ಅದೂ ಹೆಚ್ಚಾಯಿತೆಂಬಂತೆ ತಲೆಯಾಡಿಸುತ್ತಾರೆ. ಈ ಪ್ರಶ್ನೆ ಅನಗತ್ಯವೆಂದು ನಾವು ಹೇಳುತ್ತಿಲ್ಲ. ಆದರೆ ಅದು ಬಹಳ ಸಣ್ಣ ಪ್ರಶ್ನೆ. ಅದೊಂದನ್ನೇ ಕೇಳುತ್ತ ಕುಳಿತರೆ ಕಲ್ಲಿನ ಬಗೆಗೂ ಅದನ್ನು ಐದು ಸಾವಿರ ವರ್ಷ ಎದೆಗೊತ್ತಿಕೊಂಡ ಜನರ ಬಗೆಗೂ ನಾವು ಏನನ್ನೂ ತಿಳಿಯದೆ ಉಳಿಯುತ್ತೇವೆ ಎಂಬುದು ನಮ್ಮ ಅಭಿಪ್ರಾಯ.

ಮೊದಲಿಗೆ ಹೆಸರಿನ ಮಾತು. ಕನ್ನಡದಲ್ಲಿ ಈ ಕಲ್ಲಿಗೆ ಬಳಕೆಯ ಹೆಸರಿಲ್ಲ. ಹಸಿರೆಂದ ಮಾತ್ರಕ್ಕೆ ಹಲವರು ಇದನ್ನು ಪಚ್ಚೆ ಎನ್ನುತ್ತಾರೆ. ಪಚ್ಚೆ ಎಂದರೆ ಮರಕತ, ಅದರ ಜಾತಿಯೇ ಬೇರೆ. ನಮ್ಮ ನವರತ್ನಗಳ ಸಾಲಿನಲ್ಲಿ ಜೇಡ್‌ಗೆ ಸ್ಥಾನವಿಲ್ಲ. ನಮ್ಮ ರತ್ನದ ಕಲ್ಪನೆ ಹೊಳಪಿನದು, ಕಿರಣದ್ದು, ಗ್ರಹದ್ದು. ಜೇಡ್ ಹೊಳೆಯುವುದಿಲ್ಲ, ಒಳಗೆಲ್ಲೋ ಬೆಳಕನ್ನು ಹಿಡಿದಿಟ್ಟುಕೊಂಡು ಎಣ್ಣೆ ಸವರಿದ ಚರ್ಮದಂತೆ ಮಿನುಗುತ್ತದೆ. ಇಂಗ್ಲಿಷಿನ ‘ಜೇಡ್’ ಎಂಬ ಹೆಸರು ಹುಟ್ಟಿದ್ದು ಸ್ಪ್ಯಾನಿಷ್ ಭಾಷೆಯ ‘ಪಕ್ಕೆಯ ಕಲ್ಲು’ ಎಂಬ ಮಾತಿನಿಂದ. ಮಧ್ಯ ಅಮೆರಿಕದ ಮೂಲನಿವಾಸಿಗಳು ಸೊಂಟ, ಮೂತ್ರಪಿಂಡಗಳ ನೋವಿಗೆ ಇದನ್ನು ಬಳಸುವುದನ್ನು ಕಂಡು ಸ್ಪೇನಿನವರು ಇಟ್ಟ ಹೆಸರದು. ‘ನೆಫ್ರೈಟ್’ ಎಂಬ ಶಾಸ್ತ್ರೀಯ ನಾಮದ ಮೂಲದಲ್ಲಿರುವ ಗ್ರೀಕ್ ಶಬ್ದಕ್ಕೂ ಮೂತ್ರಪಿಂಡವೆಂದೇ ಅರ್ಥ. ಯುರೋಪು ಇದನ್ನು ಒಂದು ಔಷಧಿಯ ಹೆಸರಿನಿಂದ ಕರೆಯಿತು. ಚೀನೀಯರ ‘ಯೂ’ ಎಂಬ ಶಬ್ದದ ದಾರಿ ಬೇರೆ. ಕ್ರಿ.ಶ. 100ರ ಸುಮಾರಿಗೆ ಶೂ ಶೆನ್ ಎಂಬ ವಿದ್ವಾಂಸ ರಚಿಸಿದ ‘ಶುವೊವೆನ್ ಜಿಯೆಜಿ’ ನಿಘಂಟು ‘ಯೂ’ವನ್ನು ಐದು ಸದ್ಗುಣಗಳುಳ್ಳ ಸುಂದರ ಶಿಲೆ ಎಂದು ವಿವರಿಸುತ್ತದೆ. ಖನಿಜವನ್ನು ಗುಣದಿಂದ ವಿವರಿಸುವ ನಿಘಂಟು! ಇಂದಿನ ಅಂಗಡಿಯ ತೊಡಕೆಲ್ಲ ಮೊಳೆಯುವುದು ಇಲ್ಲಿಯೇ. ಆ ಶಬ್ದದ ವ್ಯಾಪ್ತಿ ದೊಡ್ಡದು. ನಮ್ಮ ಕಿವಿಗೆ ಬೀಳುವ ‘ಜೇಡ್’ ಎಂಬ ಅನುವಾದದ ವ್ಯಾಪ್ತಿ ಚಿಕ್ಕದು.

ಎಷ್ಟು ಚಿಕ್ಕದೆಂಬುದನ್ನು 1863ರಲ್ಲಿ ಫ್ರಾನ್ಸಿನ ಖನಿಜಶಾಸ್ತ್ರಜ್ಞ ಅಲೆಕ್ಸಿ ದಾಮೂರ್ ಗೊತ್ತುಮಾಡಿದ. ಜೇಡ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಶಿಲೆಗಳಿವೆ ಎಂದು ಆತ ತೋರಿಸಿದ. ಒಂದು ನೆಫ್ರೈಟ್, ಕ್ಯಾಲ್ಸಿಯಂ–ಮೆಗ್ನೀಸಿಯಂ ಸಿಲಿಕೇಟು. ಇನ್ನೊಂದು ಜೇಡೈಟ್, ಸೋಡಿಯಂ–ಅಲ್ಯುಮಿನಿಯಂ ಸಿಲಿಕೇಟು. ಚೀನಾದ ಪ್ರಾಚೀನ ಜೇಡ್ ಎಂದರೆ ಮುಖ್ಯವಾಗಿ ನೆಫ್ರೈಟ್. ಅದರ ಹೆಸರಾಂತ ನೆಲೆ ಇಂದಿನ ಶಿನ್‌ಜಿಯಾಂಗ್‌ನ ಖೋತಾನ್. ಅಲ್ಲಿನ ಯುರುಂಗ್‌ಕಾಶ್, ಕರಾಕಾಶ್ ನದಿಗಳ ಹೆಸರುಗಳಿಗೇ ಬಿಳಿ ಜೇಡ್, ಕರಿ ಜೇಡ್ ಎಂಬ ಅರ್ಥವಿದೆ. ಅದರಲ್ಲೂ ಅತ್ಯುತ್ತಮವೆನಿಸಿಕೊಂಡದ್ದು ಹಸಿರಲ್ಲ, ಕುರಿಯ ಕೊಬ್ಬಿನ ಬಣ್ಣದ ಬಿಳಿಯ ಕಲ್ಲು. ನಮ್ಮ ಕಣ್ಣಿಗೆ ಕಟ್ಟುವ ಆ ಗಾಢ ಹಸಿರು ಜೇಡೈಟ್ ಬರ್ಮಾದಿಂದ ಹೇರಳವಾಗಿ ಚೀನಾಕ್ಕೆ ಬರತೊಡಗಿದ್ದು ಹದಿನೆಂಟನೆಯ ಶತಮಾನದಲ್ಲಿ. ಹಾಗಾಗಿ ಹಸಿರು ಬಳೆಯೊಂದನ್ನು ಎತ್ತಿ ಹಿಡಿದು ‘ಇದು ಐದು ಸಾವಿರ ವರ್ಷಗಳ ಪರಂಪರೆ’ ಎಂದು ಮಾರಾಟಗಾರ್ತಿ ಹೇಳಿದಾಗ, ಆಕೆ ಒಂದು ಕಲ್ಲಿನ ಇತಿಹಾಸವನ್ನು ಇನ್ನೊಂದರ ಕೊರಳಿಗೆ ಕಟ್ಟುತ್ತಿದ್ದಾಳೆ ಎಂಬುದು ನೆನಪಿರಲಿ. ಪೂರ್ಣ ಸುಳ್ಳಲ್ಲ, ಪೂರ್ಣ ನಿಜವೂ ಅಲ್ಲ.

ಆ ಇತಿಹಾಸವಾದರೋ ಯಾವ ಮಾರಾಟಗಾರರ ಬಣ್ಣನೆಗಿಂತಲೂ ದೊಡ್ಡದು. ಹಾಂಗ್‌ಝೌ ನಗರದ ಬಳಿಯ ಲಿಯಾಂಗ್‌ಝು ನೆಲೆ 2019ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕ್ರಿ.ಪೂ. 3300ರಿಂದ 2300ರವರೆಗಿನ ಆ ಸಂಸ್ಕೃತಿಯ ಗೋರಿಗಳಲ್ಲಿ ಚಪ್ಪಟೆ ಬಿಲ್ಲೆಗಳೂ, ಹೊರಗೆ ಚೌಕ ಒಳಗೆ ವೃತ್ತವಾಗಿರುವ ಕೊಳವೆಗಳೂ ರಾಶಿಯಾಗಿ ಸಿಕ್ಕಿವೆ. 1976ರಲ್ಲಿ ಆನ್‌ಯಾಂಗ್‌ನಲ್ಲಿ ತೆರೆದ ಶಾಂಗ್ ರಾಜವಂಶದ ರಾಣಿ ಫೂ ಹಾವೊಳ ಗೋರಿಯಲ್ಲಿ 755 ಜೇಡ್ ವಸ್ತುಗಳಿದ್ದವು. 1968ರಲ್ಲಿ ಹೆಬೆಯ್ ಪ್ರಾಂತದ ಮಾನ್‌ಚೆಂಗ್‌ನಲ್ಲಿ ದೊರೆತ ಹಾನ್ ರಾಜಕುಮಾರ ಲಿಯೂ ಶೆಂಗ್‌ನ ಶವವಸ್ತ್ರವನ್ನು 2498 ಜೇಡ್ ತುಣುಕುಗಳನ್ನು ಚಿನ್ನದ ಎಳೆಯಿಂದ ಹೊಲಿದು ಮಾಡಲಾಗಿತ್ತು. ಜೇಡ್ ಹೊದ್ದ ದೇಹ ಕೊಳೆಯದು ಎಂಬುದು ಅಂದಿನ ನಂಬಿಕೆ. ದೇಹ ಮಣ್ಣಾಗಿತ್ತು, ಉಡುಪು ಉಳಿದಿತ್ತು.

ಇವನ್ನು ‘ಕೆತ್ತಿದರು’ ಎನ್ನುವುದು ಅಭ್ಯಾಸಬಲದ ಮಾತು. ನೆಫ್ರೈಟ್‌ನ ಒಳರಚನೆ ಹೆಣೆದ ನಾರಿನಂತಿದೆ. ಉಳಿ ಸುತ್ತಿಗೆಯ ಪೆಟ್ಟಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ, ಕಬ್ಬಿಣದ ಚೂರಿಯಿಂದ ಗೀರೂ ಬೀಳುವುದಿಲ್ಲ. ಜೇಡ್‌ಗಿಂತ ಗಟ್ಟಿಯಾದ ಹರಳಿನ ಮರಳನ್ನು ನೀರಿನಲ್ಲಿ ಕಲಸಿ, ದಾರದಿಂದಲೋ ತಿರುಗುವ ಉಪಕರಣದಿಂದಲೋ ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಸವೆಸಬೇಕು. ಸಾಣೆಕಲ್ಲಿನ ಮೇಲೆ ಗಂಧ ತೇಯುವವರಿಗೆ ಈ ತಾಳ್ಮೆಯ ಒಂದು ಅಂಶ ಅರ್ಥವಾದೀತು. ಎಲುಬು, ದಂತ, ಜೇಡ್, ಕಲ್ಲುಗಳನ್ನು ಕತ್ತರಿಸಿ ಅರೆದು ತಿದ್ದಿ ನುಣುಪುಮಾಡುವ ಕೆಲಸದ ಹೆಸರುಗಳು ಚೀನೀ ಭಾಷೆಯಲ್ಲಿ ಒಟ್ಟಿಗೇ ಸೇರಿಕೊಂಡಿವೆ. ಅವುಗಳಲ್ಲಿ ಒಂದಾದ ‘ಚಿಯೆತ್ಸ್ವೊ’ ಎಂಬ ಜೋಡಿಪದಕ್ಕೆ ಇಂದು ಪರಸ್ಪರ ಚರ್ಚಿಸಿ ಕಲಿಯುವುದು ಎಂದೇ ಅರ್ಥ. ವಾರಾಂತ್ಯಕ್ಕೊಮ್ಮೆ ಕೂಡಿ ಒಬ್ಬರ ಬರಹವನ್ನು ಇನ್ನೊಬ್ಬರು ಉಜ್ಜುವ ನಮ್ಮಂಥ ಬಳಗಗಳಿಗೆ ಇದಕ್ಕಿಂತ ಒಪ್ಪುವ ಶಬ್ದ ಬೇರೊಂದಿದೆಯೇ!

ಕನ್‌ಫ್ಯೂಷಿಯಸನ ಪರಂಪರೆ ಈ ಕಲ್ಲಿಗೆ ಕೊಟ್ಟ ಸ್ಥಾನವನ್ನೂ ಇಲ್ಲಿ ಹೇಳಬೇಕು. ‘ಲೀಜಿ’ ಎಂಬ ಆಚಾರಗ್ರಂಥ ಜೇಡ್‌ನ ಒಂದೊಂದು ಲಕ್ಷಣವನ್ನೂ ಒಂದೊಂದು ಗುಣಕ್ಕೆ ಹೋಲಿಸುತ್ತದೆ: ಅದರ ಬೆಚ್ಚನೆಯ ಮಿನುಗು ಕರುಣೆಗೆ, ಗಟ್ಟಿತನ ವಿವೇಕಕ್ಕೆ, ಅಂಚಿದ್ದೂ ಗಾಯಮಾಡದಿರುವುದು ನ್ಯಾಯಕ್ಕೆ. ಜೇಡ್ ತನ್ನ ಒಳಗಿನ ಕಲೆಯನ್ನು ಮುಚ್ಚಿಡುವುದಿಲ್ಲ, ಆ ಕಲೆ ಅದರ ಚೆಲುವನ್ನೂ ಮುಚ್ಚುವುದಿಲ್ಲ. ಇದನ್ನು ಆ ಗ್ರಂಥ ನಿಷ್ಠೆ ಎಂದು ಓದುತ್ತದೆ. ಈ ಮಾತನ್ನು ಓದುಗರು ತುಸು ಹೊತ್ತು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಅಸಲಿ–ನಕಲಿಯ ಚರ್ಚೆಗೆ ಚೀನೀಯರ ಬಳಿ ನಮ್ಮದಕ್ಕಿಂತ ಆಳವಾದ ಕಥೆಯೊಂದಿದೆ. ಕ್ರಿ.ಪೂ. ಮೂರನೆಯ ಶತಮಾನದ ಚಿಂತಕ ಹಾನ್ ಫೇಯ್‌ನ ಹೆಸರಿನಲ್ಲಿರುವ ಗ್ರಂಥದಲ್ಲಿ ಅದು ಬರುತ್ತದೆ. ಚೂ ರಾಜ್ಯದ ಬಿಯಾನ್ ಹೆ ಎಂಬಾತನಿಗೆ ಬೆಟ್ಟದಲ್ಲಿ ಒಂದು ಒರಟು ಕಲ್ಲು ಸಿಗುತ್ತದೆ. ಅದರೊಳಗೆ ಜೇಡ್ ಇದೆಯೆಂದು ಅರಿತ ಆತ ಅದನ್ನು ರಾಜನಿಗೆ ಒಪ್ಪಿಸುತ್ತಾನೆ. ಆಸ್ಥಾನದ ಪರೀಕ್ಷಕ ಅದು ಬರಿಯ ಕಲ್ಲೆನ್ನುತ್ತಾನೆ; ವಂಚನೆಯ ಆರೋಪದ ಮೇಲೆ ಬಿಯಾನ್ ಹೆಯ ಎಡಗಾಲನ್ನು ಕಡಿಯಲಾಗುತ್ತದೆ. ಮುಂದಿನ ರಾಜನ ಕಾಲದಲ್ಲಿ ಮತ್ತೆ ಒಯ್ದಾಗ ಬಲಗಾಲೂ ಹೋಗುತ್ತದೆ. ಮೂರನೆಯ ರಾಜ ಪಟ್ಟಕ್ಕೆ ಬಂದಾಗ ಆತ ಕಲ್ಲನ್ನಪ್ಪಿಕೊಂಡು ಬೆಟ್ಟದಡಿಯಲ್ಲಿ ಮೂರು ಹಗಲು ಮೂರು ಇರುಳು ಅಳುತ್ತಾನೆ. ಕಾಲು ಕಳೆದುಕೊಂಡವರು ಲೋಕದಲ್ಲಿ ಎಷ್ಟೋ ಜನರಿರುವಾಗ ನಿನಗೇಕೆ ಇಷ್ಟು ದುಃಖ ಎಂದು ರಾಜ ಕೇಳಿಸಿದರೆ, ತಾನು ಅಳುತ್ತಿರುವುದು ಕಾಲಿಗಾಗಿ ಅಲ್ಲವೆನ್ನುತ್ತಾನೆ. ಜೇಡ್ ಅನ್ನು ಕಲ್ಲೆಂದರು, ಪ್ರಾಮಾಣಿಕನನ್ನು ಮೋಸಗಾರನೆಂದರು, ಅಳು ಅದಕ್ಕಾಗಿ. ರಾಜ ಕಲ್ಲನ್ನು ಉಜ್ಜಿಸಿದಾಗ ಒಳಗಿನ ರತ್ನ ಹೊರಬರುತ್ತದೆ. ಮುಂದೆ ಅದೇ ಜೇಡ್ ಬಿಲ್ಲೆಗೆ ಚಿನ್ ರಾಜ್ಯದ ಅರಸ ಹದಿನೈದು ಪಟ್ಟಣಗಳನ್ನು ಕೊಡುವೆನೆಂದದ್ದೂ, ಝಾವೊ ರಾಜ್ಯದ ಲಿನ್ ಶಿಯಾಂಗ್‌ರು ಅವನ ಕಪಟವನ್ನರಿತು ಅದನ್ನು ಅಖಂಡವಾಗಿ ಮರಳಿ ತಂದದ್ದೂ ಚೀನಾದ ಶಾಲಾಮಕ್ಕಳಿಗೂ ತಿಳಿದ ಕಥೆ. ನಮ್ಮ ಗಮನ ಸೆಳೆಯುವುದು ಪಟ್ಟಣಗಳಲ್ಲ, ಆ ಪರೀಕ್ಷಕರು. ಎರಡು ಬಾರಿ ತಪ್ಪು ತೀರ್ಪು ಕೊಟ್ಟ ಆ ನಿಪುಣರಿಗೆ ಏನಾಯಿತೆಂದು ಕಥೆ ಹೇಳುವುದೇ ಇಲ್ಲ.

ಈಗ ಅಂಗಡಿಗೆ ಬರೋಣ. ಬೀಜಿಂಗ್‌ನಿಂದ ಮಹಾಗೋಡೆಯ ಬಾದಾಲಿಂಗ್ ಭಾಗಕ್ಕೂ ಮಿಂಗ್ ಸಮಾಧಿಗಳಿಗೂ ಹೊರಡುವ ಪ್ರವಾಸಿ ಬಸ್ಸುಗಳು ನಡುವೆ ಒಂದು ‘ಜೇಡ್ ಕಾರ್ಖಾನೆ’ಯ ಮುಂದೆ ನಿಲ್ಲುವುದು ಬಹುಕಾಲದ ರೂಢಿ. ಗಾಜಿನಾಚೆ ಇಬ್ಬರು ಕುಶಲಕರ್ಮಿಗಳು ಯಂತ್ರದಲ್ಲಿ ಕಲ್ಲು ಉಜ್ಜುತ್ತಿರುತ್ತಾರೆ. ಐದು ನಿಮಿಷದ ಪಾಠವಾದ ಮೇಲೆ ಸಭಾಂಗಣದಂಥ ಅಂಗಡಿ. ಬಲವಂತದ ಖರೀದಿ ಎಷ್ಟು ಬೆಳೆದಿತ್ತೆಂದರೆ ಅದನ್ನು ತಡೆಯಲು ಚೀನಾ ಸರಕಾರ 2013ರ ಅಕ್ಟೋಬರ್ 1ರಿಂದ ಜಾರಿಗೆ ತಂದ ಪ್ರವಾಸೋದ್ಯಮ ಕಾನೂನಿನಲ್ಲಿಯೇ ನಿಯಮ ಮಾಡಬೇಕಾಯಿತು. ಆ ಪಾಠದಲ್ಲಿ ಕಲಿಸುವ ಪರೀಕ್ಷೆಗಳು ಸ್ವಾರಸ್ಯಕರ. ಬಳೆಯಿಂದ ಗಾಜನ್ನು ಗೀರಿ ತೋರಿಸುತ್ತಾರೆ, ಗಾಜಿಗೆ ಗೀರು ಬೀಳುತ್ತದೆ, ಬಳೆಗೆ ಏನೂ ಆಗುವುದಿಲ್ಲ. ಪ್ರೇಕ್ಷಕರು ಬೆರಗಾಗುತ್ತಾರೆ. ಆದರೆ ಸಾಧಾರಣ ಬೆಣಚುಕಲ್ಲೂ ಗಾಜನ್ನು ಗೀರುತ್ತದೆ! ಕೆನ್ನೆಗಿಟ್ಟರೆ ತಂಪಾಗಿರುತ್ತದೆ ಎಂಬುದಕ್ಕೂ ಇದೇ ಉತ್ತರ.

ಅಂಥ ಬೆಣಚುಕಲ್ಲಿನ ಒಂದು ಜಾತಿಯ ವಿಷಯದಲ್ಲಿ ನಮಗೆ ವಿಶೇಷ ಆಸಕ್ತಿ ಇರಬೇಕು. ಹಸಿರು ಅವೆಂಚುರೀನ್ ಎಂಬ ಈ ಕಲ್ಲಿಗೆ ಬಣ್ಣ ಬರುವುದು ಕ್ರೋಮಿಯಂ ಬೆರೆತ ಅಭ್ರಕದ ಚೂರುಗಳಿಂದ. ಜಗತ್ತಿನ ಮಾರುಕಟ್ಟೆಯಲ್ಲಿ ಇದಕ್ಕೆ ‘ಇಂಡಿಯನ್ ಜೇಡ್’ ಎಂಬ ಅಡ್ಡಹೆಸರಿದೆ. ಇದರ ಹೆಸರಾಂತ ನೆಲೆಗಳಲ್ಲಿ ಮೈಸೂರು ಮತ್ತು ಚೆನ್ನೈ ಆಸುಪಾಸಿನ ಪ್ರದೇಶಗಳೂ ಸೇರಿವೆ. ಮೈಸೂರಿನ ಕಲ್ಲನ್ನು ಮೈಸೂರಿನವರೇ ಬೀಜಿಂಗ್‌ನಲ್ಲಿ ಚೌಕಾಸಿ ಮಾಡಿ ಕೊಂಡು ವಿಮಾನದಲ್ಲಿ ಹೊತ್ತು ತರುವುದು ಅಸಂಭವವೇನಲ್ಲ. ಇನ್ನು ‘ಮಲೇಷ್ಯಾ ಜೇಡ್’ ಎಂಬುದು ಬಣ್ಣ ಹಾಕಿದ ಬೆಣಚುಕಲ್ಲು. ಮಲೇಷ್ಯಾಕ್ಕೂ ಅದಕ್ಕೂ ಸಂಬಂಧವಿಲ್ಲ. ಲಿಯಾವೊನಿಂಗ್ ಪ್ರಾಂತದ ಶಿಯೂಯೆನ್‌ನಿಂದ ಬರುವ, ಚೂರಿಗೆ ಸುಲಭವಾಗಿ ಗೀರಬಲ್ಲ ಮೆತ್ತನೆಯ ಹಸಿರುಗಲ್ಲು ಬಹುಮಟ್ಟಿಗೆ ಸರ್ಪೆಂಟೈನ್. ಇದನ್ನು ‘ಯೂ’ ಎಂದು ಕರೆಯುವ ಚೀನೀ ವ್ಯಾಪಾರಿ ಸುಳ್ಳು ಹೇಳುತ್ತಿಲ್ಲ. ಅಲ್ಲಿನ ರಾಷ್ಟ್ರೀಯ ಮಾನದಂಡವೇ ಸರ್ಪೆಂಟೈನ್ ಮೊದಲಾದ ಹಲವು ಶಿಲೆಗಳನ್ನು ಆ ಹೆಸರಿನಡಿ ಸೇರಿಸುತ್ತದೆ. ಅಷ್ಟೇ ಏಕೆ, ಆ ಮಾನದಂಡದ ಪ್ರಕಾರ ‘ಖೋತಾನ್ ಜೇಡ್’ ಎಂಬುದೂ ಈಗ ಊರಿನ ಹೆಸರಲ್ಲ, ಜಾತಿಯ ಹೆಸರು; ರಷ್ಯಾದಿಂದ ಬಂದ ನೆಫ್ರೈಟ್‌ಗೂ ಆ ಪ್ರಮಾಣಪತ್ರ ಸಿಗಬಹುದು. ಭಾಷೆಯಿಂದ ಭಾಷೆಗೆ ದಾಟುವಾಗ ‘ಯೂ’ ಎಂಬುದು ‘ಜೇಡ್’ ಆಗುತ್ತದೆ, ಆ ಒಂದು ಹೆಜ್ಜೆಯಲ್ಲಿ ಬೆಲೆ ಹತ್ತು ಪಟ್ಟಾಗಬಹುದು. ಮೋಸ ಎಂಬುದಿದ್ದರೆ ಅದು ಕಲ್ಲಿಗಿಂತ ಹೆಚ್ಚಾಗಿ ಅನುವಾದದಲ್ಲಿದೆ. ಎರಡು ಮೂರು ಭಾಷೆಗಳ ನಡುವೆ ಬದುಕುವ ಹೊರನಾಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜೇಡೈಟ್ ಬಳೆಗಳಲ್ಲಿ ವ್ಯಾಪಾರಿಗಳು ‘ಎ’, ‘ಬಿ’, ‘ಸಿ’ ಎಂಬ ವರ್ಗಗಳನ್ನು ಹೇಳುತ್ತಾರೆ. ಇವು ಗುಣಮಟ್ಟದ ಮೆಟ್ಟಿಲುಗಳೆಂದು ಭಾವಿಸುವುದು ಸಾಮಾನ್ಯ ತಪ್ಪು. ‘ಎ’ ಎಂದರೆ ಮೇಣದ ಮೆರುಗಿನ ಹೊರತು ಬೇರೇನೂ ಮಾಡದ ಕಲ್ಲು. ‘ಬಿ’ ಎಂದರೆ ಆಮ್ಲದಲ್ಲಿ ನೆನೆಸಿ ಕಲೆಗಳನ್ನು ತೆಗೆದು, ಉಂಟಾದ ಸಂದುಗಳಿಗೆ ಪ್ಲಾಸ್ಟಿಕ್ ರಾಳವನ್ನು ತುಂಬಿದ್ದು. ‘ಸಿ’ ಎಂದರೆ ಬಣ್ಣ ಹಾಕಿದ್ದು. ತನ್ನ ಕಲೆಯನ್ನು ಮುಚ್ಚಿಡದ ಕಾರಣಕ್ಕೆ ನಿಷ್ಠೆಯ ಪ್ರತೀಕವಾಗಿದ್ದ ಶಿಲೆಯಿಂದ ಕಲೆಯನ್ನೇ ತೊಳೆದು ಮಾರುವುದು ನಮ್ಮ ಕಾಲದ ಜಾಣತನ. ಕೆಲವು ವರ್ಷಗಳಲ್ಲಿ ರಾಳ ಹಳದಿಗಟ್ಟುತ್ತದೆ. ಬರಿಗಣ್ಣಿಗೆ ಇದು ತಿಳಿಯದು. ಪ್ರಯೋಗಾಲಯದ ಅವರಕ್ತ ಪರೀಕ್ಷೆ ಬೇಕು. ಸರಿಯಾದ ಪ್ರಮಾಣಪತ್ರದಲ್ಲಿ ಸಂಸ್ಕರಿಸಿದ ಕಲ್ಲನ್ನು ‘ಸಂಸ್ಕರಿಸಿದ್ದು’ ಎಂದೇ ನಮೂದಿಸಿರಬೇಕು. ಕೊಳ್ಳಲೇಬೇಕೆನ್ನುವವರು ರಸೀದಿಯ ಮೇಲೆ ಖನಿಜದ ಹೆಸರನ್ನು ಬರೆಸಿಕೊಳ್ಳಲಿ. ‘ಜೇಡ್’ ಎಂದಲ್ಲ, ನೆಫ್ರೈಟ್ ಎಂದೋ ಜೇಡೈಟ್ ಎಂದೋ. ಬರೆಯಲು ಹಿಂಜರಿದರೆ ಬೆಲೆ ಎಷ್ಟಿರಬೇಕೆಂಬುದು ತಾನೇ ತಿಳಿಯುತ್ತದೆ.

ಇಲ್ಲಿ ‘ಚೀನಾ ಮಾಲು ಅಂದಮೇಲೆ ಇಷ್ಟೇ’ ಎಂದು ನಗುವವರೊಡನೆ ನಾವು ನಗಲಾರೆವು. ಆಗ್ರಾದಲ್ಲಿ ತಾಜಮಹಲಿನ ಕುಶಲಕರ್ಮಿಗಳ ವಂಶಸ್ಥರೆಂದು ಹೇಳಿಕೊಂಡು ಬಳಪದ ಕಲ್ಲನ್ನು ಅಮೃತಶಿಲೆಯೆಂದು ಮಾರುವವರು ನಮ್ಮವರೇ. ಯಾವುದೋ ಮರಕ್ಕೆ ಗಂಧದೆಣ್ಣೆ ಸವರಿ ಶ್ರೀಗಂಧದ ಗಣಪತಿಯೆಂದು ಪ್ರವಾಸಿಗನ ಕೈಗಿಡುವವರೂ ನಮ್ಮವರೇ.

ನಮ್ಮನ್ನು ನಿಜಕ್ಕೂ ಕಾಡುವುದು ನಕಲಿಯಲ್ಲ, ಅಸಲಿ. ಜಗತ್ತಿನ ಅತ್ಯುತ್ತಮ ಹಸಿರು ಜೇಡೈಟ್ ಬರುವುದು ಮ್ಯಾನ್ಮಾರ್‌ನ ಕಚಿನ್ ರಾಜ್ಯದ ಪಾಕಾಂತ್ ಗಣಿಗಳಿಂದ. 2014ರ ಒಂದೇ ವರ್ಷದಲ್ಲಿ ಆ ದೇಶದ ಜೇಡ್ ವಹಿವಾಟು 31 ಬಿಲಿಯನ್ ಡಾಲರ್‌ವರೆಗೂ ಇದ್ದಿರಬಹುದೆಂದು ಗ್ಲೋಬಲ್ ವಿಟ್ನೆಸ್ ಸಂಸ್ಥೆ ಅಂದಾಜು ಮಾಡಿತು. ಆ ಹಣ ಹರಿದದ್ದು ಸೇನಾಧಿಕಾರಿಗಳ ಕುಟುಂಬಗಳಿಗೆ, ಅವರಿಗೆ ಹತ್ತಿರದ ಕಂಪನಿಗಳಿಗೆ, ಶಸ್ತ್ರಧಾರಿ ಗುಂಪುಗಳಿಗೆ. ಗಣಿಗಳ ಯಂತ್ರಗಳು ಸುರಿದ ಮಣ್ಣಿನ ಗುಡ್ಡಗಳಲ್ಲಿ ಅಳಿದುಳಿದ ಚೂರುಗಳನ್ನು ಹೆಕ್ಕಲು ದೇಶದ ಮೂಲೆಮೂಲೆಯಿಂದ ಬಡವರು ಬರುತ್ತಾರೆ. 2020ರ ಜುಲೈ 2ರಂದು ಮಳೆಗೆ ನೆನೆದ ಅಂಥದೊಂದು ಗುಡ್ಡ ಕೆಳಗಿನ ನೀರಿಗೆ ಕುಸಿದಾಗ ಎದ್ದ ಕೆಸರಿನ ಅಲೆಯಲ್ಲಿ 170ಕ್ಕೂ ಹೆಚ್ಚು ಜನ ಸತ್ತರು. 2015ರ ನವೆಂಬರ್‌ನಲ್ಲಿಯೂ ನೂರಕ್ಕೂ ಹೆಚ್ಚು ಜನ ಹೀಗೆಯೇ ಮಣ್ಣಿನಡಿ ಹೋಗಿದ್ದರು. ಗಣಿಯ ಕಲ್ಲು ಗಡಿ ದಾಟಿ ಯುನ್ನಾನ್‌ನ ರುಯಿಲಿಯಂಥ ಪೇಟೆಗಳಿಗೆ ಬರುತ್ತದೆ. ಅಲ್ಲಿ ಸೀಳದ ಕಲ್ಲಿನ ಒಳಗೇನಿದೆಯೆಂದು ಊಹಿಸಿ ಹಣ ಹೂಡುವ ಜೂಜೇ ಒಂದು ಉದ್ಯಮ. ಎಂದರೆ, ನಮ್ಮ ನೆಂಟರ ಪ್ರಶ್ನೆಗೆ ‘ಹೌದು, ಅಪ್ಪಟ ಅಸಲಿ’ ಎಂಬ ಉತ್ತರ ಸಿಕ್ಕಾಗಲೇ ಮುಂದಿನ ಪ್ರಶ್ನೆ ಶುರುವಾಗಬೇಕು. ಬಣ್ಣ ಹಚ್ಚಿದ ಬೆಣಚುಕಲ್ಲಿನ ಬಳೆಗೆ ಕಚಿನ್‌ನ ಕೆಸರು ಅಂಟಿರುವುದಿಲ್ಲ.

ಹಾಗಾದರೆ ಚೀನೀಯರು ಏಕೆ ಇಂದಿಗೂ ಅದನ್ನು ಅಷ್ಟು ಪ್ರೀತಿಯಿಂದ ತೊಡುತ್ತಾರೆ? ಜೇಡ್ ಬಳೆ ಒಂದೇ ಕಲ್ಲಿನಿಂದ ಕೊರೆದ ಅಖಂಡ ಉಂಗುರ. ಕೊಂಡಿಯಿಲ್ಲ, ಸಂದಿಯಿಲ್ಲ, ಸೋಪಿನ ನೊರೆ ಹಚ್ಚಿ ಕೈಯನ್ನು ಹಿಂಡಿ ಏರಿಸಬೇಕು. ಒಮ್ಮೆ ಏರಿದ್ದು ದಶಕಗಳ ಕಾಲ ಅಲ್ಲೇ ಇರುತ್ತದೆ. ಮೈಯ ಸಂಪರ್ಕದಿಂದ ಕಲ್ಲಿಗೆ ಜೀವ ಬರುತ್ತದೆ, ಕಲ್ಲು ತೊಟ್ಟವರನ್ನು ಕಾಯುತ್ತದೆ ಎಂಬುದು ನಂಬಿಕೆ. ಒಡೆದರೆ, ತೊಟ್ಟವಳಿಗೆ ಬರಬೇಕಾಗಿದ್ದ ಕೇಡನ್ನು ಅದು ತಾನು ಹೊತ್ತುಕೊಂಡಿತು ಎನ್ನುತ್ತಾರೆ. ಮುಂಬಯಿ, ಪುಣೆಗಳ ನಮ್ಮ ಮರಾಠಿ ನೆರೆಯವರು ಬಳೆ ಒಡೆಯಿತು ಎನ್ನದೆ ‘ವಾಢವಲಿ’, ಹೆಚ್ಚಾಯಿತು, ಎನ್ನುತ್ತಾರಲ್ಲ. ಚೀನೀಯರೂ ಏನಾದರೂ ಒಡೆದಾಗ ‘ವರುಷ ವರುಷವೂ ಕ್ಷೇಮ’ ಎಂದುಬಿಡುತ್ತಾರೆ, ಏಕೆಂದರೆ ಅವರ ನುಡಿಯಲ್ಲಿ ಒಡೆಯುವುದಕ್ಕೂ ವರುಷಕ್ಕೂ ಉಚ್ಚಾರ ಒಂದೇ. ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ಬಂದ ಮಸುಕು ಬಣ್ಣದ ಅಗ್ಗದ ಬಳೆಯೊಂದು ಆ ಮನೆಯಲ್ಲಿ ಬೆಲೆಯೇ ಇಲ್ಲದ ಒಡವೆ. ಆ ಸಂಬಂಧವನ್ನು ಬಸ್ಸು ನಿಂತ ನಲವತ್ತು ನಿಮಿಷಗಳಲ್ಲಿ ಕಾರ್ಡು ಉಜ್ಜಿ ಕೊಳ್ಳಲು ಬಾರದು. ಆದರೂ ಅಂಗಡಿಯವರು ಬೆಲೆ ಕಟ್ಟುವುದು ಅದಕ್ಕೇ.

ಕೊಳ್ಳಬಾರದೆಂದು ನಾವು ಕಟ್ಟಪ್ಪಣೆ ಹೊರಡಿಸುತ್ತಿಲ್ಲ. ನೆನಪಿಗೊಂದು ಚಿಕ್ಕ ಕಲ್ಲನ್ನು ಚಿಕ್ಕ ಬೆಲೆಗೆ, ಅದರ ಕುಲಗೋತ್ರ ಕೇಳದೆ, ಕಣ್ಣಿಗೆ ಹಿತವಾಯಿತೆಂದು ತರುವುದರಲ್ಲಿ ತಪ್ಪೇನಿದೆ? ನಮ್ಮ ತಕರಾರು ನೋಡದೆ ಕೊಳ್ಳುವುದರ ಬಗ್ಗೆ. ಬೀಜಿಂಗ್‌ನ ಅರಮನೆಯ ಆವರಣದಲ್ಲಿ ಐದು ಟನ್ನಿಗೂ ಮಿಕ್ಕಿದ ತೂಕದ ಜೇಡ್ ಬಂಡೆಯೊಂದಿದೆ. ಪ್ರಳಯದ ನೀರನ್ನು ಪಳಗಿಸಿದ ಪುರಾಣಪುರುಷ ಯೂ ಮಹಾರಾಜನ ಕಥೆಯನ್ನು ಅದರ ಮೇಲೆ ಬಿಡಿಸಲಾಗಿದೆ. ಖೋತಾನ್ ಸೀಮೆಯ ಬೆಟ್ಟದಿಂದ ಅದನ್ನು ಎಳೆದು ತಂದು, ದಕ್ಷಿಣದ ಯಾಂಗ್‌ಝೌ ಕುಶಲಕರ್ಮಿಗಳಿಂದ ಮಾಡಿಸಿ ಮುಗಿಸಲು ಚಕ್ರವರ್ತಿ ಚಿಯೆನ್‌ಲಾಂಗ್‌ಗೆ ಸುಮಾರು ಹತ್ತು ವರ್ಷ ಹಿಡಿಯಿತು. ಪ್ರವಾಸಿಗಳ ತಂಡಗಳು ಸಿಂಹಾಸನದ ಭವನಗಳನ್ನು ನೋಡಿ, ಈ ಬಂಡೆಯಿರುವ ಈಶಾನ್ಯದ ಅಂಗಳಗಳತ್ತ ತಿರುಗದೆ ಉತ್ತರದ ಬಾಗಿಲಿನಿಂದ ಹೊರಟುಬಿಡುತ್ತವೆ. ಅಂಗಡಿಗೆ ಹೊತ್ತಾಗಿರುತ್ತದೆ.

ಇದೇ ಚಿಯೆನ್‌ಲಾಂಗ್ ಮರುಳಾದ ಇನ್ನೊಂದು ಬಗೆಯ ಜೇಡ್ ಇದೆ. 1759ರಲ್ಲಿ ಖೋತಾನ್ ಸೀಮೆ ಅವನ ವಶವಾದ ಮೇಲೆ ಪಶ್ಚಿಮದಿಂದ ಬರತೊಡಗಿದ ಕಾಣಿಕೆಗಳಲ್ಲಿ ಕಾಗದದಷ್ಟು ತೆಳುವಾದ ಬಟ್ಟಲುಗಳು ಅವನ ಕೈಸೇರಿದವು. ಅವನು ಅವನ್ನು ‘ಹಿಂದುಸ್ತಾನದ ಜೇಡ್’ ಎಂದು ಕರೆದ, ಅವುಗಳ ಮೇಲೆ ತನ್ನ ಕವಿತೆಗಳನ್ನು ಕೊರೆಸಿದ, ತನ್ನ ಕುಶಲಕರ್ಮಿಗಳಿಗೆ ಮಾದರಿಯಾಗಿ ಕೊಟ್ಟ. ಮೊಗಲರ ಕಾರ್ಖಾನೆಗಳಿಗೆ ಹೋಗುತ್ತಿದ್ದ ಕಚ್ಚಾ ಕಲ್ಲು ಕೂಡ ಖೋತಾನ್ ಕಡೆಯದೇ. ಅಂದರೆ ಕಲ್ಲು ಹಿಮಾಲಯ ದಾಟಿ ಬಂದು, ನಮ್ಮ ಕೆಲಸಗಾರರ ಕೈಯಲ್ಲಿ ಹೂವಿನ ಎಸಳಾಗಿ, ಮತ್ತೆ ಹಿಮಾಲಯ ದಾಟಿ ಹೋಯಿತು. ಅಂಥ ಕೆಲಸವನ್ನು ನೋಡಲು ಪಾಸ್‌ಪೋರ್ಟ್ ಬೇಕಿಲ್ಲ. ಹೈದರಾಬಾದಿನ ನಮ್ಮ ಮಿತ್ರರ ಮನೆಯಿಂದ ಆಟೋ ದೂರದಲ್ಲಿ, ಮೂಸಿ ನದಿಯ ದಂಡೆಯ ಸಾಲಾರ್ ಜಂಗ್ ಸಂಗ್ರಹಾಲಯದಲ್ಲಿ ಜೇಡ್ ವಸ್ತುಗಳಿಗೇ ಮೀಸಲಾದ ಕೋಣೆಯಿದೆ. ಜಹಾಂಗೀರನದೆನ್ನುವ ಕಠಾರಿ, ನೂರ್‌ಜಹಾನಳದೆನ್ನುವ ಹಣ್ಣಿನ ಚೂರಿ, ಶಾಹಜಹಾನನ ಬಿರುದಿರುವ ಬಿಲ್ಲುಗಾರನ ಉಂಗುರ ಅಲ್ಲಿವೆ. ಅವುಗಳ ನಡುವೆ ಇಲ್ತುತ್ಮಿಶ್‌ನ ಹೆಸರು ಹೊತ್ತ, ಗ್ರಂಥವನ್ನು ತೆರೆದಿಟ್ಟು ಓದಲು ಮಾಡಿದ ಜೇಡ್ ಪೀಠವೊಂದು ಇದೆ.